ಮೇಲವಂಕಿಯ ದ್ರಾಕ್ಷಾಯಿಣಿ ಕೇಳಿದ ಇನ್ನೊಂದು ಪ್ರಶ್ನೆ

ದ್ರಾಕ್ಷಾಯಿಣಿ ಯಾರ ಮನೆಗೆ ಹೋದರೂ ಮೊದಲು ಒಲೆ ಮುಟ್ಟಿ ನೋಡುತ್ತಾಳೆ. ಮನೆಯವರು ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟು, ಗಾಳಿ ಹೇಗೆ ಬಂತು, ಮಾಡಿನ ತಗಡಿನ ಪತ್ರಾಸು ಹೇಗೆ ಹಾರಿಹೋಯಿತು ಎಂದು ಕಣ್ಣೀರು ಹಾಕುತ್ತಿರುವಾಗಲೇ ಇವಳು ಹೂಂಗುಡುತ್ತ ಒಳಗೆ ನಡೆದು ಬೂದಿಯ ಮೇಲೆ ಅಂಗೈ ಇಡುತ್ತಾಳೆ. ಬೂದಿ ಬೆಚ್ಚಗಿದ್ದರೆ ಆ ಮನೆಯಲ್ಲಿ ಖರೇನೇ ಜನ ಇದ್ದಾರೆ. ತಣ್ಣಗಿದ್ದು ಜೇಡ ಬಲೆ ಕಟ್ಟಿದ್ದರೆ, ಮಾಡಿಗೆ ಹೊದಿಸುವ ತಾಡಪತ್ರಿ ಕೊಡುತ್ತಾರಂತೆ ಎಂಬ ಸುದ್ದಿ ಕೇಳಿ ಅವತ್ತು ಬೆಳಿಗ್ಗೆ ಬಂದು ಕೂತವರು. ಇದನ್ನು ಅವಳಿಗೆ ಯಾವ ತರಬೇತಿಯಲ್ಲೂ ಕಲಿಸಿಲ್ಲ. ಸಂಶಯ ಅವಳಿಗೆ ಹುಟ್ಟಿನಿಂದಲೇ ಬಂದದ್ದು ಎಂದು ಅವಳ ಗಂಡ ರಾಜಪ್ಪ ಹೇಳುತ್ತಾನೆ. ಪಾಪ, ಸಂತೆಯಿಂದ ಅವನು ತಂದ ಬದನೆಕಾಯಿಗಳನ್ನೂ ಅವಳು ಒಂದೊಂದಾಗಿ ತಿರುವಿ ನೋಡಿಯೇ ಬುಟ್ಟಿಗೆ ಹಾಕುವುದು.

ನಾನು ಶಿವಪುತ್ರ, ಹತ್ತರಗಿಯವನು, ಪಿಕಪ್ ಗಾಡಿ ಓಡಿಸಿ ಹೊಟ್ಟೆ ಹೊರೆಯುವವನು. ಹೋದ ವರ್ಷ ದೀಪಾವಳಿಗೆ ಮೊದಲು ಅರಬ್ಬಿ ಕಡಲಿನಲ್ಲಿ ಎದ್ದ ಚಂಡಮಾರುತ ಕೊಂಕಣದ ದಂಡೆಗೆ ಬಡಿದು, ಘಟ್ಟ ಹತ್ತಿ ಬಂದು, ನಮ್ಮ ಕಡೆ ಎರಡು ದಿನ ಕುಣಿದು ಹೋಯಿತಲ್ಲ, ಆಮೇಲೆ ಮೂರು ತಿಂಗಳು ನನ್ನ ಗಾಡಿ ಅವಳ ಕೈಕೆಳಗಿತ್ತು. ಟಿವಿಯವರು ಆ ಗಾಳಿಗೆ ಚೆಂದದ ಹೆಸರೊಂದನ್ನು ಹೇಳುತ್ತಿದ್ದರು. ನಮ್ಮವರಿಗೆ ಆ ಹೆಸರು ನೆನಪಿಲ್ಲ. ನೆಲಕ್ಕೆ ಮಲಗಿದ ಕಬ್ಬು, ರಾಶಿಯಲ್ಲೇ ಮೊಳಕೆಯೊಡೆದ ಗೋವಿನಜೋಳ, ಹೊಲದ ತುಂಬ ಉರುಳಿದ ಕರೆಂಟಿನ ಕಂಬ, ಇಷ್ಟು ನೆನಪಿದೆ.

ಪರಿಹಾರ ಕೊಡಲು ಐದು ಸಂಸ್ಥೆಗಳು ಬಂದವು. ಬಂದವರೆಲ್ಲ ಒಳ್ಳೆಯವರೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲರ ಗಾಡಿಯೂ ಡಾಂಬರು ರಸ್ತೆ ಮುಗಿದಲ್ಲಿಗೆ ನಿಲ್ಲುತ್ತಿತ್ತು. ರಸ್ತೆ ಪಕ್ಕದ ಮನೆಗೆ ಮೂರು ತಾಡಪತ್ರಿ, ಹೊಲದೊಳಗಿನ ಮನೆಗೆ ಒಂದೂ ಇಲ್ಲ. ಒಂದೂರಿನಲ್ಲಿ ಅಕ್ಕಿ ಚೀಲದ ಮೇಲೆ ಅಕ್ಕಿ ಚೀಲ, ಅದೇ ಊರಿನ ದನಕ್ಕೆ ಒಂದು ಹಿಡಿ ಮೇವಿಲ್ಲ. ಈ ಗೋಜಲು ಬಿಡಿಸುವುದೇ ದ್ರಾಕ್ಷಾಯಿಣಿಯ ಕೆಲಸ. ಗೋಕಾಕದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಅವಳ ಆಫೀಸು. ಗೋಡೆಯ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಊರುಗಳ ಪಟ್ಟಿ. ಪ್ರತಿ ಸಂಜೆ ಐದೂ ಸಂಸ್ಥೆಯವರು ಫೋನು ಮಾಡಿ, ಇವತ್ತು ಎಲ್ಲಿ ಯಾರಿಗೆ ಏನು ಕೊಟ್ಟೆವು ಎಂದು ಅವಳಿಗೆ ಒಪ್ಪಿಸಬೇಕು. ಮರುದಿನ ಯಾರು ಎಲ್ಲಿಗೆ ಹೋಗಬೇಕು ಎಂದು ಅವಳು ಹೇಳಬೇಕು. ಮೇಲಿನ ಸಾಹೇಬ ಪರಶುರಾಮ ಬೆಳಗಾವಿಯಿಂದ ವಾರಕ್ಕೊಮ್ಮೆ ಬಂದು, ಅವಳು ಬರೆದದ್ದಕ್ಕೆ ಸಹಿ ಹಾಕಿ, ಕರದಂಟು ಕಟ್ಟಿಸಿಕೊಂಡು ಹೋಗುತ್ತಿದ್ದ.

ಮೊದಲ ವಾರ ಅವಳು ನನ್ನನ್ನೂ ಬಿಡಲಿಲ್ಲ. ಗಾಡಿಯ ಮೀಟರು ಬರೆದುಕೊಳ್ಳುತ್ತಿದ್ದಳು. ಇಳಿಸುವಾಗ ತಾಡಪತ್ರಿ ಎಣಿಸಿ, ಹತ್ತಿಸುವಾಗ ಎಣಿಸಿದ್ದರ ಜೊತೆ ಹೋಲಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಅಕ್ಕಾರ, ನಾ ಏನ ತಾಡಪತ್ರಿ ಸುತ್ತಗೊಂಡ ಮಕ್ಕೊಳ್ಳಾಂವೇನ್ರಿ?" ಎಂದು ಕೇಳಿಯೇಬಿಟ್ಟೆ.

"ಸಿಟ್ಟ ಆಗಬ್ಯಾಡ ಶಿವಪುತ್ರಣ್ಣಾ" ಎಂದಳು. "ನಾ ನಮ್ಮವ್ವನ್ನೂ ಎಣಿಸೀನಿ."

ಅದು ನಿಜ. ಹಿಂದೆ ಹೊಳೆ ಬಂದ ವರ್ಷ ಅವಳ ತಾಯಿ ಹನಮವ್ವ ಸೊಂಟದ ನೀರಿನಲ್ಲಿ ಮನೆ ಬಿಟ್ಟು ಬಂದವಳು. ಆ ಮುದುಕಿ ಪರಿಹಾರದ ಸಾಲಿನಲ್ಲಿ ಎರಡು ದಿನ ನಿಂತು ಬರಿಗೈಯಲ್ಲಿ ವಾಪಸು ಬಂದಳು. ಅವಳ ಹೆಸರಿನ ಜಾಗದಲ್ಲಿ ಬೇರೊಬ್ಬನ ಹೆಸರಿತ್ತು. ಅವನ ಮನೆ ದಿಬ್ಬದ ಮೇಲಿತ್ತು, ಹೊಳೆಯ ನೀರು ಅದನ್ನು ಕಣ್ಣಿನಿಂದಲೂ ನೋಡಿರಲಿಲ್ಲ. ಆಗ ದ್ರಾಕ್ಷಾಯಿಣಿ ಊರಿನ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಒಂದು ವಹಿ ಹಿಡಿದು ಮನೆ ಮನೆ ತಿರುಗಿ ತಾನೇ ಒಂದು ಪಟ್ಟಿ ಬರೆದು, ತಾಲೂಕು ಆಫೀಸಿಗೆ ಹೋಗಿ ಮೇಜಿನ ಮೇಲೆ ಇಟ್ಟಳು. ಅದರಲ್ಲಿ ತನ್ನ ತಾಯಿಯ ಹೆಸರನ್ನು ಕೊನೆಗೆ ಬರೆದಿದ್ದಳು, ಅದೂ ತಾಯಿಯ ಪಾತ್ರೆಗಳನ್ನೂ ಎಣಿಸಿ ನೋಡಿದ ಮೇಲೆ. ಆ ಪಟ್ಟಿ ನೋಡಿಯೇ ಪರಶುರಾಮ ಸಾಹೇಬನ ಸಂಸ್ಥೆಯವರು ಅವಳನ್ನು ಕರೆದು ಕೆಲಸ ಕೊಟ್ಟದ್ದು.

ಅವಳ ಸಂಶಯ ಎಷ್ಟು ಚುರುಕು ಎಂಬುದು ನನಗೆ ಗೊತ್ತಾದದ್ದು ನನ್ನ ಸ್ವಂತ ಊರಿನಲ್ಲಿ, ನನ್ನದೇ ಮಾನ ಹರಾಜಾಗುವ ಹಾಗೆ. ಹತ್ತರಗಿಯ ಅಲ್ಲಪ್ಪ ನನಗೆ ದೂರದ ಬೀಗ. ದನದ ಕೊಟ್ಟಿಗೆಯ ಪತ್ರಾಸು ಪೂರಾ ಹಾರಿಹೋಗಿದೆ ಎಂದು ಅವನು ಹೆಸರು ಬರೆಸಿದ್ದ. ನಾನೂ ಎರಡು ಮಾತು ಶಿಫಾರಸು ಹೇಳಿದ್ದೆ. ದ್ರಾಕ್ಷಾಯಿಣಿ ಏಣಿ ಹತ್ತಿ, ತೊಲೆಯನ್ನು ಬೆರಳಿನಿಂದ ಸವರಿ, ಕೆಳಗೆ ಬಿದ್ದಿದ್ದ ನಾಲ್ಕು ಮೊಳೆ ಹೆಕ್ಕಿ ಅಂಗೈಯಲ್ಲಿ ಹಿಡಿದು ತಂದಳು. "ಗಾಳಿ ಎಳದ್ರ ಮೊಳಿ ಸೊಟ್ಟ ಆಗತಾವ್ರಿ ಅಲ್ಲಪ್ಪನವರ. ಇವು ನೆಟ್ಟಗ ಅದಾವು. ಪತ್ರಾಸ ಎಲ್ಲಿಟ್ಟೀರಿ?" ಎಂದಳು. ಪತ್ರಾಸು ಬಣವೆಯ ಹಿಂದೆ ಸಾಲಾಗಿ ಒರಗಿದ್ದವು. ಅಂದಿನಿಂದ ಅಲ್ಲಪ್ಪ ನನ್ನ ಜೊತೆ ಮಾತು ಬಿಟ್ಟ. ಮಗಳ ಮದುವೆಯ ಪತ್ರಿಕೆಯೂ ನನಗೆ ಬರಲಿಲ್ಲ. ಹೋದರೆ ಹೋಗಲಿ ಎಂದುಕೊಂಡೆ. ಆ ದಿನದಿಂದ ನಾನೂ ಅವಳ ಪಕ್ಷ. ಇಬ್ಬರೂ ಸೇರಿ ಮೂರು ತಾಲೂಕಿನ ಜನರನ್ನು ಸಂಶಯದ ಕಣ್ಣಿನಿಂದ ನೋಡುತ್ತ ತಿರುಗಿದೆವು. ಅದರಲ್ಲಿ ಒಂಥರ ಸುಖವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತಾಡಪತ್ರಿ, ಅಕ್ಕಿ, ಮೇವಿನ ಹಂಚಿಕೆ ಮುಗಿದ ಮೇಲೆ ಮುಂದಿನ ಕೆಲಸ ಶುರುವಾಯಿತು. ಬದುಕು ಕಳೆದುಕೊಂಡವರಿಗೆ ಮತ್ತೆ ದುಡಿಯುವ ದಾರಿ ಮಾಡಿಕೊಡಬೇಕು. ಬಿತ್ತುವವರಿಗೆ ಬೀಜ, ಹೊಲಿಯುವವರಿಗೆ ಯಂತ್ರ, ಕುರಿಯವರಿಗೆ ಕುರಿ. ಕುರಿಗೆ ಒಂದು ನಿಯಮವಿತ್ತು. ಗಾಳಿಮಳೆಯಲ್ಲಿ ಹಿಂಡಿನ ಅರ್ಧಕ್ಕಿಂತ ಹೆಚ್ಚು ಕುರಿ ಸತ್ತಿದ್ದವರಿಗೆ ಮಾತ್ರ ಹನ್ನೆರಡು ಹೆಣ್ಣು ಕುರಿ ಮತ್ತು ಒಂದು ಟಗರು ಸಿಗುತ್ತದೆ. ಹಾಗಾಗಿ ಸತ್ತವು ಎಷ್ಟು, ಉಳಿದವು ಎಷ್ಟು, ಎರಡೂ ಬರೆಯಬೇಕು.

ಕುಲಗೋಡದ ಪಂಚಾಯಿತಿಯ ಮುಂದೆ ಹೆಸರು ಬರೆಸಲು ಬಂದವಳು ಯಲ್ಲಕ್ಕ. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಹಣೆಯ ತುಂಬ ಭಂಡಾರದ ಅರಿಶಿಣ. ಹಿಂದೆ ಗಂಡ ಮಾಲಿಂಗಪ್ಪ, ಹೆಗಲ ಮೇಲೆ ಕಂಬಳಿ, ಕಣ್ಣು ನೆಲದ ಮೇಲೆ. ಗಾಳಿ ಬಂದಾಗ ಅವರ ಹಿಂಡು ಮೇಲವಂಕಿಯ ಕೇದಾರಿ ಎಂಬ ರೈತನ ಹೊಲದಲ್ಲಿತ್ತು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರವಾಗುತ್ತದೆಂದು ರೈತರೇ ಕರೆಸುತ್ತಾರೆ. ಯಲ್ಲಕ್ಕ ಆಗ ಅಲ್ಲಿರಲಿಲ್ಲ. ಮಗಳು ನಂದಾಳ ಬಾಣಂತನಕ್ಕೆಂದು ಹುಕ್ಕೇರಿ ಕಡೆ ಹೋಗಿದ್ದವಳು, ಮರ ಬಿದ್ದು ಕಟ್ಟಿದ್ದ ದಾರಿ ತೆರವಾಗಿ ಮೂರನೆಯ ದಿನ ಬಂದಳು. ಅಷ್ಟರಲ್ಲಿ ಜೆಸಿಬಿಯಿಂದ ತೆಗ್ಗು ತೋಡಿಸಿ ಸತ್ತ ಕುರಿಗಳನ್ನು ಮುಚ್ಚಿಯಾಗಿತ್ತು. ಸಾಕ್ಷಿಗೆ ಕೇದಾರಿ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ.

"ನಲವತ್ಮೂರ ಸತ್ತಾವ್ರಿ" ಎಂದಳು ಯಲ್ಲಕ್ಕ.

"ಉಳದಾವು?"

ಯಲ್ಲಕ್ಕ ಸೆರಗು ಸರಿಮಾಡಿಕೊಂಡಳು.

"ಉಳದಾವ ಎಷ್ಟ ಅದಾವ್ರಿ, ಯಲ್ಲಕ್ಕಾರ? ಅದನ್ನೂ ಬರೀಬೇಕು."

"ಜೀವ ಇದ್ದದ್ದರ ಎಣಿಕಿ ನಮ್ಮನಿತನದಾಗ ಬಾಯಿಲೆ ಹೇಳೂದಿಲ್ರಿ ಬಾಯಾರ. ಹೇಳಿದ್ರ ಹಟ್ಟಿಗೆ ಏಳಿಗಿ ಇಲ್ಲ. ಸತ್ತದ್ದರದ ಕೇಳ್ರಿ, ಹೇಳ್ತೇನಿ."

ದ್ರಾಕ್ಷಾಯಿಣಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಚೀಲದಿಂದ ಹಾಳೆಯೊಂದನ್ನು ತೆಗೆದಳು, ಗಾಳಿಗೆ ಮೊದಲು ಕುರಿಗಳಿಗೆ ಲಸಿಕೆ ಹಾಕಿದಾಗಿನ ಪಟ್ಟಿ. ಮಾಲಿಂಗಪ್ಪನ ಹೆಸರಿನ ಮುಂದೆ ಐವತ್ತು ಎಂದಿತ್ತು. ಐವತ್ತರಲ್ಲಿ ನಲವತ್ಮೂರು ಹೋದರೆ ಏಳು ಉಳಿಯಬೇಕು. ಆದರೆ ಆ ಬೆಳಿಗ್ಗೆ ನಾವು ಬರುವಾಗಲೇ ಅವರ ಹಿಂಡು ರಸ್ತೆ ದಾಟಿದ್ದನ್ನು ನೋಡಿದ್ದೆವು. ಏಳಲ್ಲ, ಏಳರ ಐದು ಪಟ್ಟಾದರೂ ಇತ್ತು.

"ಈ ಐವತ್ತ ಅಂತ ಬರೆಸಿದವ್ರು ಯಾರ್ರಿ ಕಾಕಾ?" ಎಂದು ಮಾಲಿಂಗಪ್ಪನನ್ನು ಕೇಳಿದಳು.

"ನಾನ ರೀ. ಬಾಯಿಗೆ ಬಂದದ್ದ ಹೇಳಿದ್ನಿ. ಖರೇ ಎಣಿಕಿ ಹೇಳೂ ಪದ್ಧತಿ ಇಲ್ಲರಿ."

"ಹ್ಯಾಂಗ ಸತ್ತು? ಗ್ವಾಡಿ ಬಿತ್ತೇನು, ಸಿಡ್ಲ ಬಡೀತೇನು?"

"ಥಂಡಿಗೆ ರೀ."

"ಒಂದ ಹೊಲ, ಒಂದ ಮಳಿ, ಒಂದ ಗಾಳಿ. ಅರ್ಧ ಥಂಡಿಗೆ ಸತ್ತು, ಅರ್ಧ ಹ್ಯಾಂಗ ಉಳದು?"

ಮಾಲಿಂಗಪ್ಪ ಬಾಯಲ್ಲಿದ್ದ ತಂಬಾಕು ಉಗುಳಲು ಎದ್ದು ಹೋದ. ಹೋದವನು ತಿರುಗಿ ಬರಲೇ ಇಲ್ಲ. ಯಲ್ಲಕ್ಕ ಅವನು ಹೋದ ದಾರಿಯನ್ನೇ ನೋಡಿ, "ಬಾಯಾರ, ಕುರಿ ಕೊಟ್ರ ಬದುಕತೇವಿ" ಎಂದಳು. "ಈಗ ಉಳದಾವು ಹಿಂಡು ಅನ್ನಿಸಿಕೊಳ್ಳೂದಿಲ್ಲ. ಯಾವ ರೈತನೂ ಹೊಲಕ್ಕ ಕರಿಯೂದಿಲ್ಲ. ಕೊಡದಿದ್ರ ಇವನ್ನೂ ಮಾರಿ ಕಬ್ಬ ಕಡಿಯಾಕ ಹೋಗಬೇಕು. ಅಂವಗ ಕುರಿ ಬಿಟ್ರ ಬ್ಯಾರೆ ಏನೂ ಬರೂದಿಲ್ಲ." ಅವಳು ಅಳಲಿಲ್ಲ, ಕೈಮುಗಿಯಲಿಲ್ಲ. ಅದೂ ನಮಗೆ ಸಂಶಯವೇ ಆಯಿತು. ಅಳುವವರನ್ನೂ ಸಂಶಯಪಟ್ಟೆವು, ಅಳದವರನ್ನೂ ಸಂಶಯಪಟ್ಟೆವು. ನಮ್ಮ ಸ್ಥಿತಿ ಅಲ್ಲಿಗೆ ಬಂದು ನಿಂತಿತ್ತು.

ಮರುದಿನ ಮೇಲವಂಕಿಗೆ ಹೋಗಿ ಕೇದಾರಿಯನ್ನು ಹಿಡಿದೆವು. ದ್ರಾಕ್ಷಾಯಿಣಿಗೆ ಅವನು ತವರಿನ ಊರಿನವನು, ಚಿಕ್ಕಂದಿನಿಂದ ಕಂಡವನು. ಆದರೂ ಅವನ ನಾಲಿಗೆ ತಡವರಿಸಿತು. ಫೋಟೋ ತೆಗೆದದ್ದು ತಾನೇ ಹೌದು. ಬೆಳಿಗ್ಗೆ ಬಂದು ನೋಡಿದಾಗ ಸತ್ತಿದ್ದವು. ಇನ್ನೇನೂ ಗೊತ್ತಿಲ್ಲ. ಹೊಲದ ಮೂಲೆಯಲ್ಲಿ ಪಂಪಸೆಟ್ಟಿನ ಚಿಕ್ಕ ಕೋಣೆ ಇತ್ತು, ಬಾಗಿಲಿಗೆ ಹೊಸ ಬೀಗ. ಒಳಗೆ ನೋಡಬಹುದೇ ಎಂದು ದ್ರಾಕ್ಷಾಯಿಣಿ ಕೇಳಿದಳು.

"ಕೀಲಿ ಕಳದೈತ್ರಿ ಅಕ್ಕಾರ" ಎಂದ ಕೇದಾರಿ. ಅವನ ಅಂಗಿಯ ಕಿಸೆಯಲ್ಲಿ ಕೀಲಿಯ ಗೊಂಚಲು ಉಬ್ಬಿಕೊಂಡಿತ್ತು.

ಗಾಡಿ ಹತ್ತಿದ ಮೇಲೆ ಅವಳು ಫೋನು ತೆಗೆದು, ಕೇದಾರಿಯಿಂದ ಕಳಿಸಿಕೊಂಡಿದ್ದ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ನನಗೂ ತೋರಿಸಿದಳು. ತೆಗ್ಗಿನ ಅಂಚಿನಲ್ಲಿ ಸಾಲಾಗಿ ಮಲಗಿಸಿದ ಕುರಿಗಳು, ಒದ್ದೆಯಾಗಿ, ಸಣಕಲಾಗಿ, ಬೆನ್ನೆಲುಬು ಎಣಿಸುವ ಹಾಗೆ. "ಇವು ಅವರ ಕುರಿ ಅಲ್ಲ ಶಿವಪುತ್ರಣ್ಣಾ" ಎಂದಳು. "ಅವರ ಕುರಿ ನಾವ ನೋಡೇವಿ. ಮೈತುಂಬ ಕರೀ ಉಣ್ಣಿ ಕೂದಲಾ, ದುಂಡಗ ಅದಾವು. ಇವು ಬೋಳು ಬೋಳು. ಬ್ಯಾರೆ ಯಾರದೋ ರೋಗದ ಕುರಿ ಸತ್ತಾವು, ಅದರ ಫೋಟೋ ತೋರಸ್ಯಾರ. ಕೇದಾರಿಗೂ ಪಾಲ ಐತಿ."

ನನಗೂ ಹಾಗೇ ಅನಿಸಿತು. ಅಲ್ಲಪ್ಪನ ಮೊಳೆಯ ಹಾಗೆಯೇ ಇದೂ ನೆಟ್ಟಗೆ ಕೈಗೆ ಸಿಕ್ಕಿತು ಎಂದು ಖುಷಿಯೂ ಆಯಿತು. ಪಾಪಿ ನಾನು, ಖುಷಿಪಟ್ಟದ್ದನ್ನು ಮುಚ್ಚಿಟ್ಟು ಏನು ಮಾಡಲಿ.

ಅದೇ ದಿನ ಹೊತ್ತು ಇಳಿಯುವಾಗ ಹೇಳದೆ ಕೇಳದೆ ಹಟ್ಟಿಗೆ ಹೋದೆವು. ಈಗ ಹಿಂಡನ್ನು ಕುಲಗೋಡದ ಆಚೆ ಖಾಲಿ ಹೊಲವೊಂದಕ್ಕೆ ತಂದಿದ್ದರು. ಸುತ್ತ ಬಲೆ ಕಟ್ಟಿ ಕುರಿಗೆ ಆವರಣ, ಪಕ್ಕದಲ್ಲಿ ಮರಿಗಳಿಗೆ ಬೇರೆ ಚಿಕ್ಕ ಆವರಣ. ಹಗಲೆಲ್ಲ ಮರಿಗಳನ್ನು ಹಟ್ಟಿಯಲ್ಲೇ ಬಿಟ್ಟು, ದೊಡ್ಡ ಕುರಿಗಳನ್ನು ಮೇಯಿಸಿಕೊಂಡು ಬಂದು, ಸಂಜೆ ಎರಡನ್ನೂ ಕೂಡಿಸುತ್ತಾರೆ. ನಾವು ಹೋದಾಗ ಮಾಲಿಂಗಪ್ಪ ಹಿಂಡು ಹೊಡೆದುಕೊಂಡು ಬರುತ್ತಿದ್ದ. ಯಲ್ಲಕ್ಕ ಬಲೆಯ ಬಾಯಿ ತೆರೆದು ನಿಂತಿದ್ದಳು. ನಮ್ಮನ್ನು ನೋಡಿದಳು, ಬರ್ರಿ ಅನ್ನಲೂ ಇಲ್ಲ, ಹೋಗ್ರಿ ಅನ್ನಲೂ ಇಲ್ಲ.

ಕುರಿಗಳು ಒಂದೊಂದಾಗಿ ಬಾಯಿಯಿಂದ ಒಳಗೆ ಹೋದವು. ದ್ರಾಕ್ಷಾಯಿಣಿ ನೆಲದಿಂದ ಹೆಕ್ಕಿದ್ದ ಹರಳುಗಳನ್ನು ಕುರಿಗೊಂದರಂತೆ ಚೀಲಕ್ಕೆ ಹಾಕುತ್ತ ಬಂದಳು, ತುಟಿ ಅಲ್ಲಾಡಿಸದೆ. ಯಲ್ಲಕ್ಕ ಅದನ್ನು ಕಂಡೂ ಮುಖ ಆ ಕಡೆ ತಿರುಗಿಸಿದಳು. ಆಮೇಲೆ ನನಗೆ ದ್ರಾಕ್ಷಾಯಿಣಿ ಪಿಸುಮಾತಿನಲ್ಲಿ ಹೇಳಿದಳು, ಮೂವತ್ತೆಂಟು.

ಆಗ ಮರಿಗಳನ್ನು ಬಿಟ್ಟರು. ಹತ್ತರಗಿಯಲ್ಲಿ ಹೆದ್ದಾರಿಯ ಬದಿ ಹುಟ್ಟಿ ಬೆಳೆದ ನನಗೆ ಇದು ಹೊಸದು. ಒಂದು ಕ್ಷಣ ಕಿವಿ ಕಿತ್ತುಹೋಗುವಷ್ಟು ಗದ್ದಲ. ತಾಯಂದಿರು ಕೂಗುತ್ತವೆ, ಮರಿಗಳು ಕೂಗುತ್ತವೆ, ನೋಡನೋಡುತ್ತಲೇ ಒಂದೊಂದು ಮರಿಯೂ ತನ್ನ ತಾಯಿಯ ಹೊಟ್ಟೆಯ ಕೆಳಗೆ ನುಗ್ಗಿ ಬಾಲ ಅಲ್ಲಾಡಿಸುತ್ತ ಸುಮ್ಮನಾಗುತ್ತದೆ. ಗದ್ದಲ ಇಳಿಯಿತು. ಆದರೆ ಪೂರಾ ಇಳಿಯಲಿಲ್ಲ. ಹದಿನೈದು ಇಪ್ಪತ್ತು ಮರಿಗಳು ಇನ್ನೂ ಓಡಾಡುತ್ತಿದ್ದವು. ಒಂದು ಕುರಿಯ ಹತ್ತಿರ ಹೋಗಿ ಮೂಸುತ್ತವೆ, ಅದು ಒದೆಯುತ್ತದೆ, ಇನ್ನೊಂದರ ಹತ್ತಿರ ಹೋಗುತ್ತವೆ, ಅದೂ ಒದೆಯುತ್ತದೆ. ಯಲ್ಲಕ್ಕ ಹಾಲಿನ ಶೀಸೆ ಹಿಡಿದು ಅವುಗಳ ನಡುವೆ ಕೂತಳು. ಎರಡು ಮರಿ ಅವಳ ಸೆರಗನ್ನೇ ಚೀಪತೊಡಗಿದವು. ಈ ಮರಿಗಳ ತಾಯಂದಿರು ಎಲ್ಲಿ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ದ್ರಾಕ್ಷಾಯಿಣಿಯ ಕಣ್ಣಲ್ಲಿ ನೀರು ತುಂಬಿತ್ತು, ನಾನು ಕಂಡಿದ್ದೇನೆ.

ಅವಳು ಫಾರ್ಮು ತೆಗೆದು ತೊಡೆಯ ಮೇಲಿಟ್ಟು ಬರೆದಳು. ಸತ್ತವು ನಲವತ್ಮೂರು, ಉಳಿದವು ಮೂವತ್ತೆಂಟು. ಅರ್ಧಕ್ಕಿಂತ ಹೆಚ್ಚು. ಕಾರಣ ಎಂಬಲ್ಲಿ ಗಾಳಿಮಳೆ ಎಂದು ಬರೆದಳು. ಅಲ್ಲಿಗೆ ಕೆಲಸ ಮುಗಿದಿತ್ತು. ಯಲ್ಲಕ್ಕನಿಗೆ ಕುರಿ ಬರುವುದು ಗಟ್ಟಿಯಾಗಿತ್ತು. ಪೆನ್ನು ಮುಚ್ಚಿ, ಎದ್ದು, ಗಾಡಿ ಹತ್ತಿ ಹೋಗಬೇಕಿತ್ತು. ನಾನು ಕೀಲಿ ಕೈಗೆ ತೆಗೆದುಕೊಂಡಿದ್ದೆ ಕೂಡ.

ಅವಳು ಎದ್ದಳು. ಬಲೆಯ ಪಕ್ಕ ನಿಂತಿದ್ದ ಮಾಲಿಂಗಪ್ಪನ ಹತ್ತಿರ ಹೋಗಿ ಫೋನು ಅವನ ಮುಖದ ಮುಂದೆ ಹಿಡಿದಳು. "ಕಾಕಾ, ಇನ್ನೊಂದ ಕೇಳ್ತೇನಿ. ಕುರಿ ನಿಮ್ಮವ ಸತ್ತಾವು, ನಾ ನಂಬಿದ್ನಿ. ಆದರ ಸತ್ತಾವೆಲ್ಲ ಬೋಳ ಅದಾವು, ಉಳದಾವೆಲ್ಲ ಉಣ್ಣಿ ಹೊತ್ತಾವು. ಇದ ಹ್ಯಾಂಗ?"

ಮಾಲಿಂಗಪ್ಪ ಫೋಟೋ ನೋಡಲಿಲ್ಲ. ಹೆಂಡತಿ ಕೂತ ಕಡೆ ಒಮ್ಮೆ ನೋಡಿದ. ಆಮೇಲೆ ನಿಂತಲ್ಲೇ ಕುಕ್ಕರಿಸಿ ಕೂತು ಕಂಬಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡ. ದ್ರಾಕ್ಷಾಯಿಣಿ ಬಿಡಲಿಲ್ಲ. ಪಂಪಸೆಟ್ಟಿನ ಕೋಣೆಯಲ್ಲಿ ಏನಿದೆ ಎಂದು ಕೇಳಿದಳು.

"ಉಣ್ಣಿ" ಎಂದ ಮಾಲಿಂಗಪ್ಪ.

ಒಂದು ಸಲ ಬಾಯಿ ಬಿಟ್ಟವನು ಆಮೇಲೆ ನಿಲ್ಲಿಸಲಿಲ್ಲ. ಮಾತೆಲ್ಲ ನೆಲಕ್ಕೇ ಹೇಳಿದ. ಯಲ್ಲಕ್ಕ ಮಗಳ ಊರಿಗೆ ಹೋದ ಮರುದಿನ ಉಣ್ಣೆ ಕತ್ತರಿಸುವ ಮೂವರು ಆ ದಾರಿಯಲ್ಲಿ ಬಂದರು. ಇವತ್ತು ಬಿಟ್ಟರೆ ಇನ್ನು ಒಂದು ತಿಂಗಳು ಈ ಕಡೆ ಬರುವುದಿಲ್ಲ ಎಂದರು. ಅವರ ಮನೆತನದಲ್ಲಿ ಮನೆಯ ಹೆಂಗಸು ಮೊದಲ ಕುರಿಯ ಹಣೆಗೆ ಭಂಡಾರ ಹಚ್ಚದೆ ಯಾರೂ ಕತ್ತರಿ ಮುಟ್ಟುವುದಿಲ್ಲ. ತಾನು ಬರುವ ತನಕ ಕತ್ತರಿ ಹಾಕಿಸಬೇಡ, ಮೋಡದ ಲಕ್ಷಣ ಸರಿಯಿಲ್ಲ ಎಂದು ಯಲ್ಲಕ್ಕ ಹೋಗುವಾಗ ಮತ್ತೆ ಮತ್ತೆ ಹೇಳಿದ್ದಳು. ಇವನು ಒಂದು ದಿನದಲ್ಲಿ ಏನಾಗುತ್ತದೆ ಎಂದು ಅರ್ಧ ಹಿಂಡಿಗೆ ಕತ್ತರಿ ಹಾಕಿಸಿದ. ಉಳಿದರ್ಧ ನಾಳೆ ಎಂದರು. ಆ ಸಂಜೆಯೇ ಗಾಳಿ ಎದ್ದಿತು. ಬೆಳಗಾಗುವಷ್ಟರಲ್ಲಿ ಕತ್ತರಿ ಬಿದ್ದವು ಅಷ್ಟೂ ಸೆಟೆದುಕೊಂಡಿದ್ದವು. ಉಣ್ಣೆ ಇದ್ದವು ಮರಿಗಳನ್ನು ನಡುವೆ ಹಾಕಿಕೊಂಡು ಒಂದಕ್ಕೊಂದು ಆತು ನಿಂತು ಬದುಕಿದ್ದವು. ಹೆಂಡತಿ ಬರುವುದರೊಳಗೆ ಮಣ್ಣು ಮುಚ್ಚಿಸಿ, ಉಣ್ಣೆಯ ಚೀಲಗಳನ್ನು ಬಚ್ಚಿಟ್ಟು, ಕೇದಾರಿಯಿಂದ ಆಣೆ ಹಾಕಿಸಿಕೊಂಡಿದ್ದ.

"ಗಾಳಿ ಕೊಂದಿಲ್ರಿ. ನಾನ ಕೊಂದೇನಿ" ಎಂದ.

ಯಲ್ಲಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯಲ್ಲಿದ್ದ ಮರಿ ಶೀಸೆ ಬಿಟ್ಟು ಕೂಗಿತು. ಅವಳು ಅದರ ಬಾಯಿಗೆ ಮತ್ತೆ ಶೀಸೆ ಇಟ್ಟು, "ಇನ್ನ ಹೋಗ್ರಿ ಬಾಯಾರ, ನನಗ ಇವಕ್ಕ ಹಾಲ ಕುಡಸೂದೈತಿ" ಎಂದಳು. ಅಷ್ಟೇ. ಬೈದಾಳು, ಎದೆ ಬಡಿದುಕೊಂಡಾಳು ಎಂದು ನಾನು ಕಾದೆ. ಅವಳು ತಲೆ ಎತ್ತಲಿಲ್ಲ.

ಗಾಡಿಯನ್ನು ಗೋಕಾಕದ ರಸ್ತೆಗೆ ತಿರುಗಿಸಿದೆ. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂದಿತ್ತು. ತಡೆಯಲಾಗದೆ ಕೇಳಿದೆ, "ಅಕ್ಕಾರ, ನಿಮ್ಮ ಫಾರ್ಮಿನ್ಯಾಗ ಕತ್ತರಿ ಹಾಕಿಸಿದ್ರೋ ಇಲ್ಲೋ ಅಂತ ಬರಿಯಾಕ ಜಾಗಾ ಐತೇನ್ರಿ?"

"ಇಲ್ಲ."

"ಮತ್ತ ಯಾಕ ಕೇಳಿದ್ರಿ?"

"ಅಂವಾ ಏನೋ ಮುಚ್ಚಿಟ್ಟಿದ್ದು ಕಣ್ಣಿಗೆ ಕಾಣಾಕತ್ತಿತ್ತು. ಬಿಟ್ಟ ಹ್ಯಾಂಗ ಬರಲಿ?" ಎಂದಳು. ಆಮೇಲೆ "ಆಕಿ ಮುಂದ ಕೇಳಬಾರದಿತ್ತು" ಎಂದಳು. ಗೋಕಾಕ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಪರಶುರಾಮ ಸಾಹೇಬ ಫಾರ್ಮು ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದ. ಮೂರು ವಾರದ ಮೇಲೆ ಹನ್ನೆರಡು ಹೆಣ್ಣು ಕುರಿ, ಒಂದು ಟಗರು ನನ್ನ ಗಾಡಿಯಲ್ಲೇ ಕುಲಗೋಡಕ್ಕೆ ಹೊರಟವು. ದ್ರಾಕ್ಷಾಯಿಣಿ ಪಕ್ಕದಲ್ಲಿ ಕೂತಿದ್ದಳು. ಆ ಮೂರು ವಾರ ಅವಳು ಆ ಕಡೆಯ ಊರುಗಳಿಗೆ ಬೇರೆಯವರನ್ನೇ ಕಳಿಸಿದ್ದಳು, ತಾನು ಹೋಗಿರಲಿಲ್ಲ. ಅವತ್ತು ಸಹಿ ತೆಗೆದುಕೊಳ್ಳಲೇಬೇಕಿತ್ತು, ಬಂದಳು.

ಹಟ್ಟಿಯ ಮುಂದೆ ಯಲ್ಲಕ್ಕ ಒಬ್ಬಳೇ ಇದ್ದಳು. ಬಗಲ ಚೀಲದಿಂದ ಭಂಡಾರ ತೆಗೆದು, ಗಾಡಿಯಿಂದ ಇಳಿದ ಒಂದೊಂದು ಕುರಿಯ ಹಣೆಗೂ ಹಚ್ಚಿ, ಬೆನ್ನು ಸವರಿ, ಹಲ್ಲು ನೋಡಿ ಒಳಗೆ ಬಿಟ್ಟಳು. ಕುರಿಗಳು ಒಳ್ಳೆಯವು ಎಂದು ಅವಳ ಮುಖವೇ ಹೇಳುತ್ತಿತ್ತು. ಹೊಲದ ಆಚೆಯ ಬದುವಿನ ಮೇಲೆ ಮಾಲಿಂಗಪ್ಪ ನಿಂತಿದ್ದ. ಇಷ್ಟು ದೂರದಿಂದ ಅವನ ಮುಖ ಕಾಣುತ್ತಿರಲಿಲ್ಲ, ಕಂಬಳಿ ಕಾಣುತ್ತಿತ್ತು.

"ಕಾಕಾ ಬರೂದಿಲ್ಲೇನ್ರಿ? ಹೊಸ ಕುರಿ ಬಂದಾವು, ನೋಡಲಿ" ಎಂದಳು ದ್ರಾಕ್ಷಾಯಿಣಿ.

"ಹಟ್ಟಿ ಒಳಗ ಬರೂದಿಲ್ರಿ. ರೊಟ್ಟಿ ಅಲ್ಲೇ ಬದುವಿನ ಮ್ಯಾಲೆ ಇಟ್ಟ ಬರ್ತೇನಿ, ತಿಂತಾನ. ನನ್ನ ಮಾರಿ ನೋಡೂದಿಲ್ಲ. ಕುರಿ ಮುಟ್ಟೂದಿಲ್ಲ, ನನ್ನ ಕೈಗೆ ಏಳಿಗಿ ಇಲ್ಲ ಅಂತಾನ."

"ನೀವರ ಸಿಟ್ಟ ಬಿಟ್ಟ ಕರೀರಿ, ಯಲ್ಲಕ್ಕಾರ. ನಿಮಗ ಗೊತ್ತಿಲ್ಲದ್ದು ಆವತ್ತ ಒಮ್ಮಿಗೇ ಗೊತ್ತಾತು, ಸಿಟ್ಟ ಬರೂದ ಖರೆ."

ಯಲ್ಲಕ್ಕ ಭಂಡಾರದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನನಗ ಗೊತ್ತಿತ್ರಿ ಬಾಯಾರ" ಎಂದಳು. "ಊರಿಂದ ಬಂದ ದಿನಾನ ಗೊತ್ತಾತು. ಅವನ ಅಂಗಿ ತೋಳಿಗೆ ಉಣ್ಣಿ ಜಿಡ್ಡ ಹತ್ತಿತ್ತು. ಅವನ ಅಂಗಿ ಒಗಿಯಾಕಿ ನಾನ ಅಲ್ಲೇನ್ರಿ. ಒಗದ ಹಾಕಿದ್ನಿ, ಸುಮ್ಮನಿದ್ನಿ. ಆಕಿಗೆ ಗೊತ್ತಿಲ್ಲ ಅನ್ನೂ ಧೈರ್ಯದ ಮ್ಯಾಲೆ ಅಂವಾ ಉಂಡು, ಮಕ್ಕೊಂಡು, ಕುರಿ ಹೊಡಕೊಂಡ ಹೋಗಿ ಬಂದು ಮಾಡ್ತಿದ್ದ. ಅಷ್ಟ ಸಾಕಾಗಿತ್ತ ನನಗ."

ದ್ರಾಕ್ಷಾಯಿಣಿ ಕೈಯಲ್ಲಿದ್ದ ಕಾಗದವನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಒಳಗಿನಿಂದ ಹೊಸ ಕುರಿಯೊಂದು ಕೂಗಿತು. ಅದರ ಕೂಗಿಗೆ ಎಲ್ಲ ತಬ್ಬಲಿ ಮರಿಗಳೂ ತಲೆ ಎತ್ತಿದವು.

"ಸಹಿ ಎಲ್ಲಿ ಮಾಡಬೇಕು, ತೋರಸ್ರಿ" ಎಂದಳು ಯಲ್ಲಕ್ಕ. ಕಾಗದದ ಕೆಳಗೆ ಕುರಿ ಪಡೆದವರು ಎಂದು ಗಂಡ ಹೆಂಡತಿ ಇಬ್ಬರಿಗೂ ಜಾಗ ಇತ್ತು. ಅವಳು ತನ್ನ ಹೆಬ್ಬೆಟ್ಟು ಒತ್ತಿ, ಇನ್ನೊಂದು ಜಾಗ ನೋಡಿ, ಬದುವಿನ ಕಡೆ ನೋಡಿ, ಕಾಗದ ತಿರುಗಿ ಕೊಟ್ಟಳು. ದ್ರಾಕ್ಷಾಯಿಣಿ ಅದನ್ನು ಹಿಡಿದು ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದಳು. ಅವಳು ಬರುವುದನ್ನು ಕಂಡ ಮಾಲಿಂಗಪ್ಪ ಬದುವಿನಿಂದ ಆಚೆ ಇಳಿದು ನಡೆಯತೊಡಗಿದ. ಅವಳು ಕಾಕಾ ಎಂದು ಕೂಗಿದಷ್ಟೂ ಅವನ ಹೆಜ್ಜೆ ಜೋರಾಯಿತು.